ಹುರ್ರಾ ಮಸೀದಿಯ ವುಜೂ ನೀರು

ಮಸೀದಿಯ ನೀರು ತೋಟಕ್ಕೆ ಬರುವುದು ನಿಂತು ಹದಿನೇಳು ದಿನವಾಗಿತ್ತು. ಲುತ್ಫಿಯಾ ಮೂಲಂಗಿ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಗಿಡ ಕಿತ್ತಳು. ಬೆರಳುದ್ದವೂ ಇಲ್ಲದ ಗೆಡ್ಡೆ, ಬೆಂಡಿನಂತೆ ಹಗುರ. ಮುರಿದು ನೋಡಿದರೆ ಒಳಗೆಲ್ಲ ನಾರು. ಅದನ್ನು ಗೋಡೆಯಾಚೆ ಬೀಸಿ ಒಗೆದು, "ಇದನ್ನ ತಗೊಂಡೋಗಿ ಆ ಮುತವಲ್ಲಿ ಬಾಯಿಗೆ ತುರುಕ್ಬೇಕು" ಎಂದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಆಕೆ ಅದನ್ನೇ ಹೇಳುತ್ತಿದ್ದಳು.

ಸನಾ ಪಟ್ಟಣದ ಆ ಕೇರಿಗೆ ಹುರ್ರಾ ಮಸೀದಿಯೇ ನಡುಮನೆ. ಹುರ್ರಾ ಎಂದರೆ ದೊಡ್ಡ ಮನೆತನದ ಹೆಂಗಸು. ನಾನೂರು ವರ್ಷದ ಹಿಂದೆ ಅಂಥ ಒಬ್ಬ ವಿಧವೆ ಮೈಮೇಲಿನ ಒಡವೆಯನ್ನೆಲ್ಲ ಮಾರಿ ಮಸೀದಿ ಕಟ್ಟಿಸಿದಳು, ಬಾವಿ ತೋಡಿಸಿದಳು, ಪಕ್ಕದ ತಗ್ಗು ನೆಲವನ್ನು ದೇವರ ಹೆಸರಿಗೆ ವಕ್ಫ್ ಬರೆದಿಟ್ಟಳು. ಬರೆಯುವಾಗ ಷರತ್ತನ್ನೂ ಹಾಕಿದಳು. ತೋಟದವರು ಬಾವಿಯಿಂದ ಸೇದಿ ಮಸೀದಿಯ ತೊಟ್ಟಿ ತುಂಬಬೇಕು. ನಮಾಜಿಗೆ ಬಂದವರು ವುಜೂ ಮಾಡಿ ಕೈಕಾಲು ಮುಖ ತೊಳೆದ ನೀರು ಮತ್ತೆ ತೋಟಕ್ಕೇ ಹರಿಯಬೇಕು. ಬೆಳೆದದ್ದರಲ್ಲಿ ಮೊದಲ ಕಟ್ಟು ಗುರುವಾರ ಗುರುವಾರ ಕೇರಿಯ ವಿಧವೆಯರಿಗೆ, ಕುರುಡರಿಗೆ. ಮಿಕ್ಕಿದ್ದು ತೋಟದವರ ಹೊಟ್ಟೆಗೆ. ಆ ಮಹಾತಾಯಿಯ ಗೋರಿ ಎಲ್ಲಿದೆಯೋ ಯಾರೂ ಅರಿಯರು. ಷರತ್ತು ಮಾತ್ರ ಕೇರಿಯ ಎಲ್ಲರಿಗೂ ಬಾಯಿಪಾಠ.

ಲುತ್ಫಿಯಾಳ ಅಜ್ಜನ ಅಜ್ಜನೂ ಆ ತೋಟದಲ್ಲೇ ಮೂಲಂಗಿ ಕಿತ್ತವನು. ಅವರ ಕುಲಕ್ಕೆ ಹೆಸರೇ ಮೂಲಂಗಿಯವರು. ಕೇರಿಯ ಜನ ಅವರ ಕೈಯ ಸೊಪ್ಪು ತಿನ್ನುತ್ತಾರೆ, ಅವರ ಮನೆಗೆ ಹೆಣ್ಣು ಕೊಡುವುದಿಲ್ಲ, ಅವರ ಮನೆಯಿಂದ ತರುವುದೂ ಇಲ್ಲ. ಲುತ್ಫಿಯಾಳನ್ನು ಇನ್ನೊಂದು ಮಸೀದಿಯ ತೋಟದವನಿಗೇ ಕೊಟ್ಟಿದ್ದರು. ಪಟ್ಟಣಕ್ಕೆ ಮುತ್ತಿಗೆ ಬಿದ್ದ ವರ್ಷ ಅವನು ಗುಂಡು ತಗುಲಿ ಸತ್ತ. ಆಕೆ ತವರಿಗೆ ಬಂದು, ತೋಟದ ಮೂಲೆಯ ಮನೆಯಲ್ಲಿ ತಮ್ಮ ಹಿಜಾಮನ ಸಂಸಾರದ ಜೊತೆ ಉಳಿದಳು. ಹೆಸರಿಗೆ ತೋಟ ತಮ್ಮನದು. ಅಗೆಯುವುದು, ಬಿತ್ತುವುದು, ಕಟ್ಟು ಕಟ್ಟುವುದು ಅಕ್ಕನದು. ಅವನು ಸಂತೆಗೆ ಹೋಗಿ ಮಾರಿ, ಮಧ್ಯಾಹ್ನವಾದರೆ ಮತ್ತೇರಿಸುವ ಖಾತ್ ಎಲೆ ಜಗಿಯಲು ಕೂರುತ್ತಿದ್ದ.

ಪಟ್ಟಣದ ಹೊರಗೆಲ್ಲ ಯಂತ್ರದ ಕೊಳವೆಬಾವಿ ಕೊರೆದ ಮೇಲೆ ಹುರ್ರಾಳ ಬಾವಿಯ ನೀರು ಪಾತಾಳ ಸೇರಿತು. ಹಗ್ಗ ಎಷ್ಟು ಇಳಿಬಿಟ್ಟರೂ ಕೊಡ ಒಣಗಿಯೇ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಮಸೀದಿಗೆ ನಲ್ಲಿ ಬಂತು. ನಲ್ಲಿಯ ನೀರಾದರೇನು, ಕಾಲು ತೊಳೆದ ಮೇಲೆ ಹರಿದು ಬರುವುದು ತೋಟಕ್ಕೆ ತಾನೇ ಎಂದು ಲುತ್ಫಿಯಾ ಸುಮ್ಮನಿದ್ದಳು. ಎರಡು ವರ್ಷ ಹಾಗೇ ನಡೆಯಿತು. ಈಗ ಮುತವಲ್ಲಿ ಹಮೂದ್, ಮಸೀದಿಯಿಂದ ಓಣಿಯ ಚರಂಡಿಗೆ ಹೊಸ ಕಾಲುವೆ ತೋಡಿಸಿ, ತೋಟದ ಕಡೆಯ ಹಳೇ ಕಲ್ಲುಗಂಡಿಗೆ ಸಿಮೆಂಟು ಮೆತ್ತಿಸಿದ್ದ.

ಹಮೂದ್ ನೋಡಲು ಕೆಟ್ಟವನಲ್ಲ. ಹಾಲಿನಂಥ ಬಿಳಿ ರುಮಾಲು, ಸೊಂಟದಲ್ಲಿ ಬೆಳ್ಳಿ ಹಿಡಿಯ ಕಠಾರಿ, ಮೆಲುದನಿ. ವಕ್ಫ್ ಆಸ್ತಿ ನೋಡಿಕೊಳ್ಳುವವನೂ ಅವನೇ, ಶುಕ್ರವಾರ ಮಿಂಬರ್ ಪೀಠ ಏರಿ ಪ್ರವಚನ ಹೇಳುವವನೂ ಅವನೇ. ಲುತ್ಫಿಯಾ ಅವನನ್ನು ಓಣಿಯಲ್ಲೇ ಅಡ್ಡಗಟ್ಟಿದಳು.

"ಮುತವಲ್ಲಿಗಳೇ, ತೋಟದ ಗಂಟಲಿಗೆ ಸಿಮೆಂಟು ಹಾಕ್ಸಿದ್ದೀರಲ್ಲ, ಯಾಕೆ?"

"ಅದು ಕೊಳಚೆ ಕಣಮ್ಮಾ. ಕಾಲ ಬದಲಾಯ್ತು. ಕಾಲು ತೊಳೆದ ನೀರಲ್ಲಿ ಬೆಳೆದ ಸೊಪ್ಪು ತಿಂದ್ರೆ ರೋಗ ಬರುತ್ತಂತೆ."

"ನಾನೂರು ವರ್ಷ ತಿಂದೋರಿಗೆ ಬರ್ಲಿಲ್ವಲ್ಲ! ನಿಮ್ಮ ಮದುವೆ ಊಟಕ್ಕೆ ಎರಡು ಹೊರೆ ಮೂಲಂಗಿ ಹೊತ್ತು ತಂದೋಳು ನಾನೇ. ಅವತ್ತು ಎಲ್ಲಿ ಹೋಗಿತ್ತು ರೋಗ?"

ಅವನು ನಕ್ಕ. "ನಿನ್ನ ಬಾಯಿಗೆ ದೇವರೇ ಗತಿ" ಎಂದು ಬದಿಗೆ ಸರಿದು ಹೋದ. ಬೈದಿದ್ದರೆ ಲುತ್ಫಿಯಾಳೂ ಬೈದು ಹಗುರಾಗುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಇಬ್ಬರು ಗಂಡಸರು ಹೇಳದೆ ಕೇಳದೆ ತೋಟಕ್ಕೆ ಇಳಿದರು. ಹಗ್ಗ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ಅಳೆಯತೊಡಗಿದರು. ಕೊತ್ತಂಬರಿ ಮಡಿಯ ಮೇಲೆ ಬೂಟುಗಾಲು.

"ಯಾರ್ರೋ ನೀವು? ಮಡಿಯಿಂದ ಕಾಲು ತೆಗೀರಿ!"

"ನಾಜಿ ಸಾಹುಕಾರರ ಕಡೆಯೋರು. ಇಲ್ಲಿ ಸಿಮೆಂಟು ಕಬ್ಬಿಣದ ಗೋದಾಮು ಬರುತ್ತಮ್ಮ."

"ನಿಮ್ಮಪ್ಪಂದಾ ಜಾಗ? ಇದು ವಕ್ಫು. ಮಾರೋ ಹಾಗಿಲ್ಲ."

ಅವರಲ್ಲಿ ಹಿರಿಯವನು ಹಗ್ಗ ಸುತ್ತುತ್ತ ಸಮಾಧಾನವಾಗಿಯೇ ಹೇಳಿದ. "ಮಾರ್ತಿಲ್ಲ, ಅದಲು ಬದಲು. ವಕ್ಫಿನ ನೆಲ ಸತ್ತು ಹೋದ್ರೆ, ಅದನ್ನ ಕೊಟ್ಟು ಬೇರೆ ನೆಲ ತಗೋಬಹುದಂತೆ. ಸಾಹುಕಾರರು ಊರಾಚೆ ಒಂದು ಜಾಗ ಕೊಡ್ತಾರೆ. ಶನಿವಾರ ನ್ಯಾಯಾಧೀಶರು ಬಂದು ನೋಡಿ ರುಜು ಹಾಕ್ತಾರೆ. ತೋಟ ಸತ್ತಿದೆ ಅಂತ ನಿನ್ನ ತಮ್ಮನೇ ಹೆಬ್ಬೆಟ್ಟು ಒತ್ತಿದಾನೆ. ನಿಂಗೆ ಹೇಳ್ಲಿಲ್ವಾ?"

ಊರಾಚೆಯ ಆ ಜಾಗ ಲುತ್ಫಿಯಾಳಿಗೆ ಗೊತ್ತಿತ್ತು. ಅಲ್ಲಿ ಕಲ್ಲು ಬಿಟ್ಟರೆ ಬೇರೇನೂ ಬೆಳೆಯದು. ಈಗ ಹದಿನೆಂಟು ದಿನದ ಸಂಗತಿಯೆಲ್ಲ ಆಕೆಗೆ ಒಟ್ಟಿಗೆ ಅರ್ಥವಾಯಿತು. ಮೊದಲು ನೀರು ನಿಲ್ಲಿಸುವುದು. ಆಮೇಲೆ, ಅಯ್ಯೋ ಸತ್ತಿದೆ ಎನ್ನುವುದು. ಆಮೇಲೆ ಹೆಣವನ್ನು ಸಾಹುಕಾರನಿಗೆ ಒಪ್ಪಿಸುವುದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಹೀಗೆ. ಅದೂ ಬೇಲಿ ಪ್ರವಚನ ಹೇಳಿಕೊಂಡು ಮೇಯುತ್ತಿದೆ!

ಹಿಜಾಮ ಮನೆಯಲ್ಲಿ ದಿಂಬಿಗೊರಗಿ ಖಾತ್ ಎಲೆ ಆರಿಸುತ್ತಿದ್ದ. ಆಕೆ ನೆಟ್ಟಗೆ ಹೋಗಿ ಅವನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಶಾಯಿ ನೀಲಿಯಾಗಿ ಉಳಿದಿತ್ತು.

"ಮೂಲಂಗಿ ಕಿತ್ರೆ ಬೆರಳು ಹೀಗೆ ನೀಲಿಯಾಗುತ್ತೇನೋ?"

ಅವನು ಕೈ ಎಳೆದುಕೊಂಡ. "ಅಕ್ಕಾ, ನೀರೇ ಇಲ್ದಿರೋ ತೋಟನ ಸತ್ತಿದೆ ಅನ್ದೆ ಇನ್ನೇನು ಅನ್ಲಿ? ಕಣ್ಣಿಗೆ ಕಾಣ್ತಿಲ್ವಾ?"

"ಕಾಣ್ತಿದೆ. ಕೊಂದೋರ ಕೈ ಹಿಡ್ಕೊಂಡು ನೀನೂ ಒಂದು ಏಟು ಹಾಕಿದ್ದು ಕಾಣ್ತಿದೆ. ಏನು ಕೊಡ್ತೀನಿ ಅಂದ್ರು?"

"ಗೋದಾಮಿನ ಕಾವಲು." ಹಿಜಾಮ ನೆಲ ನೋಡುತ್ತ ಹೇಳಿದ. ಆಮೇಲೆ ಅವನ ದನಿಯೂ ಏರಿತು. "ಕುರ್ಚಿ ಮೇಲೆ ಕೂರೋ ಕೆಲ್ಸ ಅಕ್ಕಾ! ನಿಂಗೇನು, ಮಕ್ಕಳಾ ಮರಿಯಾ. ನನ್ನ ಮಗಳು ಬೆಳೀತಿದಾಳೆ. ಶಾಲೇಲಿ ಅವಳನ್ನ ಮೂಲಂಗಿಯವಳೇ ಬಾ, ಮೂಲಂಗಿಯವಳೇ ಹೋಗು ಅಂತಾರೆ. ಅವಳು ಅಳ್ತಾ ಬರ್ತಾಳೆ. ಅದು ನಿಂಗೆ ಕೇಳ್ಸಲ್ವಾ?"

ಕೇಳಿಸಿತ್ತು. ತಾನು ಚಿಕ್ಕವಳಿದ್ದಾಗ ಕೇಳಿದ್ದೂ ಅದನ್ನೇ. ಆದರೂ ನಾಲಿಗೆ ತಡೆಯಲಿಲ್ಲ. "ಕುರ್ಚಿ ಮೇಲೆ ಕೂತ್ರೂ, ಕುರ್ಚಿ ಮೇಲೆ ಕೂತ ಮೂಲಂಗಿಯವನು ಅಂತಾರೆ ಕಣೋ. ಅಷ್ಟೇ ಆಗೋದು."

ಅವತ್ತು ಮಧ್ಯಾಹ್ನ ಪಕ್ಕದ ದೊಡ್ಡ ಮನೆಯ ತಕಿಯ್ಯಾಳ ಅಟ್ಟದಲ್ಲಿ ಹೆಂಗಸರ ಕೂಟ ಸೇರಿತ್ತು. ಕೇರಿಯ ಒಳ್ಳೊಳ್ಳೆ ಮನೆಯವರೆಲ್ಲ ಬಂದಿದ್ದರು. ಕಾಫಿ ಸಿಪ್ಪೆಯ ಕಷಾಯ, ಒಣದ್ರಾಕ್ಷಿ, ಮೊನ್ನೆ ನಡೆದ ಮದುವೆಯ ಮಾತು. ಲುತ್ಫಿಯಾ ಎಂದಿನಂತೆ ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕೂತಳು. ಯಾರೂ ಅಲ್ಲಿ ಕೂರು ಎಂದು ಹೇಳುವುದಿಲ್ಲ. ಒಳಗೆ ಬಾ ಎಂದೂ ಹೇಳುವುದಿಲ್ಲ.

ಆಕೆ ವಿಷಯ ಹೇಳಿದಳು. "ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ಶನಿವಾರ ನ್ಯಾಯಾಧೀಶರ ಮುಂದೆ ಕೇರಿಯೋರು ನಾಲ್ಕು ಜನ ನಿಂತು, ನೀರು ನಿಲ್ಸಿದ್ದು ಮುತವಲ್ಲಿ ಅಂದ್ರೆ ಸಾಕು. ಸುಳ್ಳು ಹೇಳಿ ಅಂತಿಲ್ಲ. ಇದ್ದದ್ದು ಹೇಳಿ."

ಹೆಂಗಸರು ಲೊಚಗುಟ್ಟಿದರು. ಒಬ್ಬಳು, "ಪಾಪ" ಎಂದಳು. ಇನ್ನೊಬ್ಬಳು, "ಮುತವಲ್ಲಿಗಳು ನಮ್ಮ ಯಜಮಾನರ ಸೋದರಮಾವ, ಹ್ಯಾಗೆ ಹೇಳೋದು?" ಎಂದಳು. ಮೂಲೆಯಲ್ಲಿ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ದ್ರಾಕ್ಷಿ ಜಗಿಯುತ್ತ, "ಸೊಪ್ಪು ಈಗ ಲಾರೀಲಿ ಬರುತ್ತಲ್ಲ, ತೊಳೆದೇ ಕೊಡ್ತಾರೆ. ಆ ತೋಟದಿಂದ ಸೊಳ್ಳೆ ಬೇರೆ" ಎಂದಳು.

ಲುತ್ಫಿಯಾ ಎದ್ದು ನಿಂತಳು.

"ಸೊಳ್ಳೆನಾ? ನಿನ್ನ ಮೂರನೇ ಹೆರಿಗೆಲಿ ಮೈಯೆಲ್ಲ ಕಾದು ಮೂರು ದಿನ ಕಣ್ಣು ಬಿಡದೆ ಮಲಗಿದ್ಯಲ್ಲ, ಆವಾಗ ತಲೆದೆಸೆಗಿಡೋಕೆ ನಾಗದಾಳಿ ಸೊಪ್ಪು ಎಲ್ಲಿಂದ ಬಂತು? ಲಾರೀಲಿ ಬಂತಾ? ಮುತ್ತಿಗೆ ಬಿದ್ದಾಗ ಎಪ್ಪತ್ತು ದಿನ ಪಟ್ಟಣದೊಳಕ್ಕೆ ಒಂದು ಕಾಳು ಬರ್ಲಿಲ್ಲ. ನೀವೆಲ್ಲ ಏನು ತಿಂದ್ರಿ? ನನ್ನ ಗಂಡ ಗುಂಡು ಹಾರ್ತಿರುವಾಗ್ಲೇ ಈ ತೋಟಕ್ಕಿಳಿದು ಸೊಪ್ಪು ಕೊಯ್ದು ಈ ಬಾಗಿಲಿಗೆ ತಂದಿಟ್ಟ. ಅದನ್ನ ತಿಂದು ಬದುಕಿದ ಬಾಯಿಗಳು ಇವು. ಈಗ ಆ ಬಾಯಲ್ಲಿ ಒಂದು ಮಾತು ಹೊರಡಲ್ಲ!"

ಆಕೆ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಕಡಿದಾದ ಮೆಟ್ಟಿಲು ಇಳಿದಳು. ಮೂರನೆಯ ಅಂತಸ್ತಿನಲ್ಲಿ ಹಿಂದಿನಿಂದ ಹೆಜ್ಜೆ ಕೇಳಿಸಿತು. ತಕಿಯ್ಯಾ. ಏದುಸಿರು ಬಿಡುತ್ತಿದ್ದಳು.

"ಲುತ್ಫಿಯಾ, ನನ್ನ ಗಂಡನಿಗೆ ನಾನು ಹೇಳೋಕಾಗಲ್ಲ. ಅವರು ಕೇಳಲ್ಲ. ಬೇರೆ ಏನಾದ್ರೂ ಬೇಕಾ?"

ಲುತ್ಫಿಯಾ ಯೋಚಿಸಿದಳು. "ಹಳೇ ಗೋಣಿಚೀಲ ಇದ್ರೆ ಕೊಡು. ನಾಲ್ಕಾದ್ರೂ ಬೇಕು."

ಯಾಕೆ ಎಂದು ತಕಿಯ್ಯಾ ಕೇಳಲಿಲ್ಲ. ಕೆಳಗಿನ ಉಗ್ರಾಣದಿಂದ ಆರು ಚೀಲ ತಂದು ಕೈಗಿಟ್ಟಳು.

ಶುಕ್ರವಾರ ಬೆಳಕು ಹರಿದ ಹೊತ್ತಿಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಹೊಸ ಕಾಲುವೆ ಚರಂಡಿಗೆ ಸೇರುವ ಬಾಯಿಗೆ ಲುತ್ಫಿಯಾ ಗೋಣಿಚೀಲಗಳನ್ನು ಒಂದೊಂದಾಗಿ ತುರುಕಿ, ಹಾರೆಯ ಹಿಡಿಯಿಂದ ಗಿಡಿದು, ಮೇಲೆ ಜೇಡಿಮಣ್ಣು ಮೆತ್ತಿದಳು. ಅಂಥ ಕೆಲಸ ಆಕೆಗೆ ಹೊಸದಲ್ಲ. ಹುಟ್ಟಿದಾಗಿನಿಂದ ಕಾಲುವೆಗೆ ಮಣ್ಣು ಕಟ್ಟಿ ಬಿಚ್ಚಿ ಮಾಡಿದ ಕೈ. ಆಮೇಲೆ ತೋಟಕ್ಕೆ ಇಳಿದು, ಮಸೀದಿಯ ಗೋಡೆಯ ಬುಡದಲ್ಲಿದ್ದ ಒಣಗಿದ ತೊಟ್ಟಿಯಲ್ಲಿ, ಸಿಮೆಂಟು ಮೆತ್ತಿದ ಗಂಡಿಯ ಎದುರು ಹಾರೆ ಊರಿಕೊಂಡು ಕೂತಳು.

ಜುಮ್ಮಾ ನಮಾಜಿಗೆ ಇಡೀ ಕೇರಿಯ ಗಂಡಸರು ಬರುತ್ತಾರೆ. ಮಡಿ ಬಟ್ಟೆ, ಅತ್ತರು. ಒಬ್ಬರಾದ ಮೇಲೊಬ್ಬರು ನಲ್ಲಿ ತಿರುಗಿಸಿ ವುಜೂ ಮಾಡಿದರು. ಹರಿದ ನೀರಿಗೆ ಹೊರಹೋಗಲು ದಾರಿ ಇರಲಿಲ್ಲ. ಮೊದಲು ಕಾಲುವೆ ತುಂಬಿತು. ಆಮೇಲೆ ವುಜೂಖಾನೆಯ ನೆಲ. ಆಮೇಲೆ ಅಂಗಳ. ಗೋಡೆಯ ಈಚೆ ಕೂತ ಲುತ್ಫಿಯಾಳಿಗೆ ಒಂದೊಂದೇ ದನಿ ಕೇಳಿಸಿತು.

"ಏಯ್, ನೀರು ನಿಲ್ತಿದೆ!"

"ನನ್ನ ಬೂಟು, ನನ್ನ ಬೂಟು ತೇಲ್ತಿದೆ ಹಿಡೀರಿ!"

"ಯಾರೋ ನನ್ನ ಅಂಗಿಯಂಚಿಗೆ ಕೊಳಕು ಎರಚಿದ್ದು? ಮತ್ತೆ ವುಜೂ ಮಾಡ್ಬೇಕಲ್ಲೋ!"

"ಮತ್ತೆ ಮಾಡಿದ್ರೆ ಇನ್ನಷ್ಟು ನೀರಾಗುತ್ತೆ ಮಾರಾಯ!"

ಕೊನೆಗೆ ಹಮೂದನ ದನಿ. ಈ ಸಲ ಮೆಲುದನಿಯಲ್ಲ. "ಕಾಲುವೆ ಕಟ್ಟಿದೆ! ಯಾರಾದ್ರೂ ಹೋಗಿ ನೋಡಿ!"

ಲುತ್ಫಿಯಾ ಹಾರೆ ಎತ್ತಿದಳು. ಮೊದಲ ಏಟಿಗೆ ಸಿಮೆಂಟು ಬಿಳಿಯ ಗೆರೆಯಷ್ಟೇ ಬಿಟ್ಟಿತು. ಎರಡನೆಯ ಏಟು, ಮೂರನೆಯ ಏಟು. ಪ್ರತಿ ಏಟಿಗೂ ಆಕೆ ಒಬ್ಬೊಬ್ಬರ ಹೆಸರು ಹಿಡಿದು ಬೈದಳು. ಹಮೂದ್, ನಾಜಿ, ಹಗ್ಗ ಹಿಡಿದ ಇಬ್ಬರು, ದ್ರಾಕ್ಷಿ ಜಗಿದ ಹೆಂಗಸು, ತನ್ನ ಸ್ವಂತ ತಮ್ಮ. ಎಷ್ಟು ಏಟಾಯಿತೋ, ಅಂಗೈ ಬೊಬ್ಬೆ ಒಡೆದು ಹಾರೆ ಜಾರತೊಡಗಿದಾಗ ಸಿಮೆಂಟು ಬಿರುಕು ಬಿಟ್ಟು ಒಂದು ಹೆಂಟೆ ಕಳಚಿತು. ಅದರ ಹಿಂದೆಯೇ ನೀರು ದಬದಬನೆ ಆಕೆಯ ಎದೆಗೆ ಬಡಿದು, ತೊಟ್ಟಿ ತುಂಬಿ, ಹಳೆಯ ಕಾಲುವೆ ಹಿಡಿದು ಮಡಿಗಳತ್ತ ಓಡಿತು. ಬಾಯಿ ತೆರೆದ ನೆಲ ಅದನ್ನು ಸದ್ದು ಮಾಡುತ್ತ ಕುಡಿಯಿತು.

ಗೋಡೆಯ ಮೇಲೆ ತಲೆಗಳು ಸಾಲಾಗಿ ಮೂಡಿದವು. ನಡುವೆ ಹಮೂದ್, ಮೊಣಕಾಲವರೆಗೆ ಒದ್ದೆ.

"ಏನು ಮಾಡ್ದೆ ನೀನು! ದೇವರ ಮನೆಗೆ ಕೈ ಹಚ್ಚಿದ್ಯಾ? ಜುಮ್ಮಾ ದಿನ!"

"ದೇವರ ಮನೆ ಗೋಡೆ ಹಾಗೇ ಇದೆ ನೋಡ್ಕೊಳ್ಳಿ" ಎಂದು ಲುತ್ಫಿಯಾ ಕೆಳಗಿನಿಂದ ಕೂಗಿದಳು. "ನಾನು ಒಡೆದಿದ್ದು ನಿಮ್ಮ ಸಿಮೆಂಟು. ದಾರಿ ಬಿಟ್ರೆ ನೀರಿಗೆ ಬುದ್ಧಿ ಇದೆ, ತಾನೇ ಹೋಗುತ್ತೆ. ಬುದ್ಧಿ ಇಲ್ದಿರೋದು ಮೇಲೆ ನಿಂತಿರೋರಿಗೆ!"

ಯಾರೋ ಮುಸಿಮುಸಿ ನಕ್ಕರು. ಹಮೂದ್ ತಿರುಗಿ ನೋಡಿದ ಕೂಡಲೇ ನಗು ನಿಂತಿತು.

ಶನಿವಾರ ನ್ಯಾಯಾಧೀಶ ಷರಫ್ ಬಂದರು. ಗಿಡ್ಡ ದೇಹದ ಮುದುಕರು. ಕೋಲೂರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ತೋಟಕ್ಕೆ ಇಳಿದರು. ಅವರ ಹಿಂದೆ ಹಮೂದ್, ನಾಜಿ, ಬರೆದುಕೊಳ್ಳುವ ಗುಮಾಸ್ತ, ಹಿಜಾಮ, ಸುತ್ತ ಕೇರಿಯ ಜನ. ನ್ಯಾಯಾಧೀಶರು ಬಾಡಿದ ಕೊತ್ತಂಬರಿ ಮುಟ್ಟಿ ನೋಡಿದರು, ಹುಡಿಯಾದ ಪುದೀನ ಮೂಸಿದರು, ಬಾವಿಗೆ ಒಂದು ಕಲ್ಲು ಹಾಕಿ ಕಿವಿಗೊಟ್ಟರು. ಕಲ್ಲು ನೀರಿಗೆ ಬಿದ್ದ ಸದ್ದು ಬರಲಿಲ್ಲ.

"ನೋಡಿ ಖಾಜಿಗಳೇ" ಎಂದ ಹಮೂದ್. "ಬಾವಿ ಸತ್ತಿದೆ, ತೋಟ ಸತ್ತಿದೆ. ನಿನ್ನೆ ಈಕೆ ಮಸೀದಿಗೆ ನೀರು ನುಗ್ಗಿಸಿ ಒಂದು ದಿನದ ನಾಟಕ ಆಡಿದ್ದಾಳೆ. ಅದರ ದೂರು ಬೇರೆ ಕೊಟ್ಟಿದ್ದೀನಿ. ಈ ನೆಲದಿಂದ ವಕ್ಫಿಗೆ ಇನ್ನು ಯಾವ ಫಲವೂ ಇಲ್ಲ. ತೋಟದವನೇ ಸಾಕ್ಷಿ."

ನ್ಯಾಯಾಧೀಶರು ಹಿಜಾಮನನ್ನು ಕೇಳಿದರು. ಅವನು ಅಕ್ಕನ ಕಡೆ ನೋಡದೆ, "ಹೌದು, ಸತ್ತಿದೆ" ಎಂದ.

"ನೀನೇನು ಹೇಳ್ತೀಯಮ್ಮ? ಬದುಕಿದೆ ಅಂತೀಯಾ?"

ಬದುಕಿದೆ ಎಂದು ಆಕೆ ಕೂಗಾಡುತ್ತಾಳೆ, ಆಗ ಬಾಡಿದ ಗಿಡ ತೋರಿಸಿದರೆ ಮುಗಿಯಿತು ಎಂದು ಹಮೂದ್ ಕಾದಿದ್ದ. ಲುತ್ಫಿಯಾ ಮುಖಪರದೆಯನ್ನು ಸರಿಪಡಿಸಿಕೊಂಡು, "ಸತ್ತಿದೆ ಖಾಜಿಗಳೇ" ಎಂದಳು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಜಾಮನೂ ತಲೆ ಎತ್ತಿದ.

"ನನ್ನ ತಮ್ಮ ಸುಳ್ಳು ಹೇಳಿಲ್ಲ. ಹೆಣ ಇಲ್ಲೇ ಬಿದ್ದಿದೆ, ನೀವೇ ಮುಟ್ಟಿ ನೋಡಿದ್ರಿ. ಆದ್ರೆ ಸತ್ತಿದೆಯಾ ಅಂತ ಕೇಳಿದ್ರಿ, ಕೊಂದೋರು ಯಾರು ಅಂತ ಕೇಳ್ಲಿಲ್ಲ. ಹದಿನೇಳನೇ ದಿನಕ್ಕೆ ಮೂಲಂಗಿ ನಾರಾಯ್ತು. ನೀರು ನಿಲ್ಸಿದ ದಿನದಿಂದ ಎಣಿಸಿ ಹೇಳ್ತಿದೀನಿ." ಆಕೆ ಬೊಬ್ಬೆ ಒಡೆದ ಕೈಯಿಂದ ಮಸೀದಿಯ ಗೋಡೆ ತೋರಿಸಿದಳು. "ನಾನು ಓದಿದೋಳಲ್ಲ. ಈ ಗೋಡೆ ಕೆಳಗೆ ಸೊಪ್ಪು ಕಟ್ತಾ ಕಟ್ತಾ ಶುಕ್ರವಾರದ ಪ್ರವಚನ ಕೇಳಿ ಬೆಳೆದೋಳು. ಹೋದ ವರ್ಷ ಉಪವಾಸದ ತಿಂಗಳಲ್ಲಿ ಇದೇ ಮುತವಲ್ಲಿಗಳು ಮಿಂಬರ್ ಮೇಲಿಂದ ಹೇಳಿದ್ರು. ಅಪ್ಪನ್ನ ಕೊಂದ ಮಗನಿಗೆ ಅಪ್ಪನ ಆಸ್ತೀಲಿ ಪಾಲಿಲ್ಲ. ಕೊಂದೋನಿಗೆ ಪಾಲು ಕೊಟ್ರೆ ಮನೆಮನೆಯಲ್ಲೂ ಕೊಲೆ ಆಗುತ್ತೆ ಅಂತ. ಹಾಗಾದ್ರೆ ತೋಟ ಕೊಂದೋರಿಗೆ ತೋಟ ಹ್ಯಾಗೆ ಸಿಗುತ್ತೆ? ಇವತ್ತು ಇದಕ್ಕೆ ರುಜು ಹಾಕಿ. ನಾಳೆ ಊರಲ್ಲಿರೋ ಮಸೀದಿ ತೋಟಗಳ ಗಂಟಲಿಗೆಲ್ಲ ಸಿಮೆಂಟು ಬೀಳುತ್ತೆ."

ಗುಮಾಸ್ತನ ಲೇಖನಿ ನಿಂತಿತು. ನ್ಯಾಯಾಧೀಶರು ಹಮೂದನ ಕಡೆ ತಿರುಗಿದರು.

"ಆ ಮಾತು ನೀವು ಹೇಳಿದ್ದು ಹೌದೇ?"

"ಅದು ಮನುಷ್ಯರ ಆಸ್ತಿ ಹಂಚಿಕೆಯ ಮಾತು, ಖಾಜಿಗಳೇ. ನೆಲಕ್ಕೆ ಅದನ್ನ—"

"ಹೇಳಿದ್ದೀರೋ ಇಲ್ಲವೋ?"

"ಹೇಳಿದ್ದೀನಿ."

"ಚೆನ್ನಾಗಿ ಹೇಳಿದ್ದೀರಿ" ಎಂದರು ಮುದುಕರು. ಕೋಲಿನ ತುದಿಯಿಂದ ಒಡೆದ ಸಿಮೆಂಟಿನ ಹೆಂಟೆಯೊಂದನ್ನು ಮಗುಚಿ ನೋಡಿದರು. "ಅದಲು ಬದಲಿಗೆ ಒಪ್ಪಿಗೆ ಇಲ್ಲ. ಗಂಡಿ ಪೂರ್ತಿ ಬಿಡಿಸಿ, ನೀರು ಮೊದಲಿನ ಹಾಗೇ ತೋಟಕ್ಕೆ ಹೋಗಲಿ. ವಕ್ಫ್ ಮಾಡಿದವರ ಷರತ್ತನ್ನ ಮುರಿಯೋಕೆ ನೀವೂ ಯಾರಲ್ಲ, ನಾನೂ ಯಾರಲ್ಲ." ಆಮೇಲೆ ಲುತ್ಫಿಯಾಳ ಕಡೆ ಕೋಲು ತೋರಿಸಿದರು. "ನೀನು ಜುಮ್ಮಾ ದಿನ ಮಸೀದಿ ಹೊಲಸು ಮಾಡಿದ್ದು ತಪ್ಪೇ. ಅಂಗಳ ತೊಳೆದುಕೊಡು."

"ತೊಳೀತೀನಿ. ತೊಳೆದ ನೀರು ತೋಟಕ್ಕೇ ಹೋಗ್ಬೇಕು, ಅಷ್ಟೇ."

ಮುದುಕರ ಗಡ್ಡ ಅಲುಗಿತು. ನಕ್ಕರೋ ಏನೋ. ಜನ ಮಾತ್ರ ಜೋರಾಗಿಯೇ ನಕ್ಕರು. ಬಾಯಿ ಬಿಡದೆ ನಿಂತಿದ್ದವರೆಲ್ಲ ಈಗ ಮುಂದೆ ಬಂದು, "ನಾವೂ ಹೇಳೋಣ ಅಂತಿದ್ವಿ, ಅಷ್ಟರಲ್ಲಿ ನೀನೇ ಹೇಳ್ದೆ" ಎಂದರು. ಲುತ್ಫಿಯಾ ಅವರ ನಡುವೆ ದಾರಿ ಮಾಡಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಗೆಲುವು ಉಳಿದದ್ದು ಒಂಬತ್ತೇ ದಿನ. ಹತ್ತನೆಯ ದಿನ ಹಮೂದ್ ಒಂದು ಕಾಗದ ಕಳುಹಿಸಿದ. ತೋಟ ಸತ್ತಿದೆಯೆಂದು ತೋಟದವನೂ ಅವನ ಅಕ್ಕನೂ ನ್ಯಾಯಾಧೀಶರ ಎದುರೇ ಒಪ್ಪಿದ್ದಾರೆ. ವಕ್ಫಿನ ನೆಲವನ್ನು ಉಳಿಸಿಕೊಳ್ಳಲಾಗದವರ ಕೈಯಲ್ಲಿ ಅದನ್ನು ಬಿಡುವುದು ಮುತವಲ್ಲಿಯ ಧರ್ಮಕ್ಕೆ ವಿರುದ್ಧ. ಆದ್ದರಿಂದ ತಿಂಗಳೊಳಗೆ ಮನೆ ಖಾಲಿ ಮಾಡಿ ತೋಟವನ್ನು ಬೇರೆಯವರಿಗೆ ಬಿಟ್ಟುಕೊಡತಕ್ಕದ್ದು.

ಲುತ್ಫಿಯಾ ಅದನ್ನು ಹಿಡಿದುಕೊಂಡು ನ್ಯಾಯಾಧೀಶರ ಮನೆಬಾಗಿಲಿಗೆ ಹೋದಳು. ಅವರು ಎರಡು ಸಲ ಓದಿಸಿ ಕೇಳಿದರು.

"ಷರತ್ತಿನಲ್ಲಿ ತೋಟದವರು ಅಂತ ಮಾತ್ರ ಇದೆ ಮಗಳೇ. ನಿಮ್ಮ ಮನೆತನದ ಹೆಸರಿಲ್ಲ. ಯಾರನ್ನ ಇಡಬೇಕು ಅನ್ನೋದು ಮುತವಲ್ಲಿಗೆ ಬಿಟ್ಟಿದ್ದು."

"ನನ್ನ ಮಾತನ್ನೇ ತಗೊಂಡು ನನ್ನ ಕತ್ತಿಗೆ ಹಾಕಿದಾನೆ. ನಿಮಗೆ ಕಾಣ್ತಿಲ್ವಾ?"

"ಕಾಣ್ತಿದೆ."

"ಕಂಡ್ರೂ?"

"ಕಂಡ್ರೂ" ಎಂದರು ಮುದುಕರು.

ಆಕೆ ಅಲ್ಲಿಂದ ಎದ್ದು ಬರುವಾಗ ಆಶೀರ್ವಾದ ಕೇಳಲಿಲ್ಲ.

ಗೋದಾಮಿಲ್ಲದ ಮೇಲೆ ಗೋದಾಮಿನ ಕುರ್ಚಿಯೂ ಇಲ್ಲ. ಹಿಜಾಮ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಾಚೆಯ ಹೊಸ ಬಡಾವಣೆಗೆ, ಇಟ್ಟಿಗೆ ಹೊರುವ ಕೆಲಸಕ್ಕೆ ಹೋದ. ಹೊರಡುವ ದಿನ, "ನಿನ್ನ ಬಾಯಿಂದ ಎರಡೂ ಹೋಯ್ತು ಅಕ್ಕಾ" ಎಂದ. "ನಿನ್ನ ಬೆರಳಿಂದ ಕಣೋ" ಎಂದಳು ಆಕೆ. ಲುತ್ಫಿಯಾ ತಕಿಯ್ಯಾಳ ಮನೆಯ ಕೆಳಅಂತಸ್ತಿನಲ್ಲಿ, ಬೀಸುಕಲ್ಲಿನ ಪಕ್ಕದ ಕೋಣೆ ಸೇರಿದಳು. ಮೂಲಂಗಿ, ಕೊತ್ತಂಬರಿ, ಕಾಮಕಸ್ತೂರಿ, ನಾಗದಾಳಿ, ಅಜ್ಜನ ಕಾಲದಿಂದ ವರ್ಷ ವರ್ಷ ಎತ್ತಿಟ್ಟ ಬೀಜದ ಗಂಟುಗಳನ್ನು ಒಂದೂ ಬಿಡದೆ ತಂದಿದ್ದಳು. ಬೀಜದ ಸುದ್ದಿ ಯಾವ ಕಾಗದದಲ್ಲೂ ಇರಲಿಲ್ಲ.

ಹೊಸ ತೋಟದವನು ಬೆಟ್ಟದ ಸೀಮೆಯಿಂದ ಬಂದವನು. ತಿಂಗಳು ಕಳೆದ ಮೇಲೆ ಅವನ ಹೆಂಡತಿ ನಬಾತ್ ಲುತ್ಫಿಯಾಳ ಬಾಗಿಲಿಗೆ ಬಂದಳು. ಬಿಸಿಲಿಗೆ ಸುಟ್ಟ ಮುಖ, ಒಡೆದ ಹಿಮ್ಮಡಿ.

"ಅಕ್ಕಾ, ಸಂತೇಲಿ ತಂದ ಬೀಜ ಮೊಳೀತಿಲ್ಲ. ನೀರೇನೋ ಬರ್ತಿದೆ. ನಿನ್ನ ಹತ್ರ ಬೀಜ ಇದೆ ಅಂತಾರೆ."

"ನನ್ನ ಮನೇಲಿ ಮಲಗ್ತೀಯ, ನನ್ನ ಒಲೇಲಿ ರೊಟ್ಟಿ ಸುಟ್ಕೊಳ್ತೀಯ, ಈಗ ಬೀಜಾನೂ ಬೇಕಾ? ನಾಚ್ಕೆ ಆಗಲ್ವಾ?"

ನಬಾತ್ ಹಿಂದೆ ಸರಿಯಲಿಲ್ಲ. "ನಾನೇನು ನಿನ್ನ ಓಡ್ಸಿದ್ನಾ? ನಮ್ಮ ಕಾಫಿ ಗಿಡ ಒಣಗಿದ್ವು, ಕೆಲ್ಸ ಇದೆ ಅಂದ್ರು, ಬಂದ್ವಿ. ನಂಗೂ ಸಿಟ್ಟು ಬರುತ್ತೆ ಅಕ್ಕಾ. ನಮ್ಮೂರಲ್ಲಿ ನಾವು ಕೋವಿ ಹಿಡಿದ ಜನ. ಇಲ್ಲಿ ಬಂದು ತಿಂಗಳಾಯ್ತಷ್ಟೇ, ನೀರಿಗೆ ಹೋದ್ರೆ, ಮೂಲಂಗಿಯವಳೇ ಸರಿ ಆಚೆ ಅಂತಾರೆ."

"ಹಾಗಾದ್ರೆ ಹೋಗಿ ಕೋವಿ ಬಿತ್ತು" ಎಂದು ಲುತ್ಫಿಯಾ ಬಾಗಿಲು ಬಡಿದಳು.

ಮೂರು ದಿನ ಆಕೆ ತಕಿಯ್ಯಾ ತಂದಿಟ್ಟ ರೊಟ್ಟಿಯನ್ನು ಗೋಡೆಗೆ ಮುಖ ಮಾಡಿ ತಿಂದಳು. ಕೇರಿಯವರು ಕುಲವನ್ನು ರಕ್ತದಲ್ಲಿ ಹುಡುಕುತ್ತಿದ್ದರು, ಅದು ತೋಟದ ಮಣ್ಣಲ್ಲೇ ಇತ್ತಲ್ಲ, ಮೆಟ್ಟಿದವರಿಗೆಲ್ಲ ಅಂಟುತ್ತದಲ್ಲ ಎಂದು ನೆನೆದರೆ ಮೈ ಉರಿಯುತ್ತಿತ್ತು. ಬೀಜ ಹಳತಾಗುತ್ತಿತ್ತು. ಬಿತ್ತುವ ಹದ ದಾಟುತ್ತಿತ್ತು. ಗುರುವಾರ ಬಂದರೆ ಕುರುಡರು ಬರಿಗೈಯಲ್ಲಿ ಹೋಗುತ್ತಿದ್ದರು. ಹಮೂದನ ಮೇಲಿನ ಹಗೆಗೆ ಹುರ್ರಾಳ ನೆಲವನ್ನು ಬರಡು ಬಿಟ್ಟರೆ ಅವನು ಹಾಕಿಸಿದ ಸಿಮೆಂಟಿಗೂ ತನ್ನ ಹಗೆಗೂ ವ್ಯತ್ಯಾಸವೇನು?

ನಾಲ್ಕನೆಯ ಬೆಳಿಗ್ಗೆ ಗಂಟು ಬಗಲಿಗೆ ಸಿಕ್ಕಿಸಿಕೊಂಡು ಆಕೆ ತೋಟಕ್ಕೆ ಇಳಿದಳು. ನಬಾತ್ ಎದ್ದು ನಿಂತಳು. ಲುತ್ಫಿಯಾ ಬೀಜವನ್ನು ಅವಳ ಕೈಗೆ ಕೊಡಲಿಲ್ಲ.

"ಯಾರು ಕಟ್ಟಿದ್ದು ಈ ಮಡಿ? ಎಮ್ಮೆ ಹೊರಳಿದ ಹಾಗಿದೆ. ಹಾರೆ ಇಲ್ಲಿ ಕೊಡು. ಬದು ಇಷ್ಟು ದಪ್ಪ ಇಟ್ರೆ ನೀರು ಬೇರಿಗೆ ಹೋಗುತ್ತಾ, ನಿನ್ನ ಗಂಡನ ಕಾಲಿಗೆ ಹೋಗುತ್ತಾ? ಕಣ್ಣಿಟ್ಟು ನೋಡ್ಕೋ. ಎರಡನೇ ಸಲ ಹೇಳಲ್ಲ."

ಎರಡನೆಯ ಸಲವೂ ಹೇಳಿದಳು, ಮೂರನೆಯ ಸಲವೂ ಹೇಳಿದಳು, ಪ್ರತಿ ಸಲ ಬೈದುಕೊಂಡೇ. ನಬಾತ್‌ಳೂ ಗೊಣಗಿಕೊಂಡೇ ಅಗೆದಳು. ನಡುಹಗಲಿನ ಬಾಂಗ್ ಆಗುವಷ್ಟರಲ್ಲಿ ಐದು ಮಡಿ ಸಿದ್ಧವಾಗಿ, ಮೂಲಂಗಿ ಬೀಜ ನೆಲ ಸೇರುತ್ತಿತ್ತು.

ನಮಾಜಿಗೆ ಹೊರಟ ಹಮೂದ್ ಗೋಡೆಯಂಚಿನಲ್ಲಿ ನಿಂತ. ಕೆಳಗೆ ಬಾಗಿದ ಬೆನ್ನು ಯಾರದೆಂದು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ಎಲ್ಲರೂ ನೋಡುತ್ತಿದ್ದಾರೆಂದೋ ಏನೋ, ಅದೇ ಮೆಲುದನಿಯಲ್ಲಿ ಸಲಾಮು ಹೇಳಿದ.

ಸಲಾಮಿಗೆ ಮರುಸಲಾಮು ಕೊಡದವರು ಆ ಊರಲ್ಲಿಲ್ಲ. ಹಗೆಯವನಾದರೂ ತುಟಿಯಂಚಿನಲ್ಲಾದರೂ ಗೊಣಗುತ್ತಾರೆ; ಕೊಡದಿದ್ದರೆ ದೇವರು ಕೇಳುತ್ತಾನೆ. ನಬಾತ್ ಗಾಬರಿಯಿಂದ ಲುತ್ಫಿಯಾಳ ಮುಖ ನೋಡಿದಳು. ಗೋಡೆಯ ಮೇಲೆ ಇನ್ನಿಬ್ಬರು ನಿಂತರು. ಹಮೂದ್ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಸಲಾಮು ಹೇಳಿದ.

ಲುತ್ಫಿಯಾ ಅಂಗೈಯಲ್ಲಿದ್ದ ಬೀಜವನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಜಾರಿಸುತ್ತ, ಸಾಲಿನ ಕೊನೆಯವರೆಗೂ ತಲೆ ಎತ್ತದೆ ಹೋದಳು.